ಚಿಕಾಗೋ ಚಳಿ ಬಿಟ್ಟು ಟೆಕ್ಸಸ್‌ಗೆ ಹೋಗಬೇಕೇ? ಆಗಸ್ಟ್ ನೋಡಿ ತೀರ್ಮಾನಿಸಿ

ಫೆಬ್ರುವರಿ ಬಂತೆಂದರೆ ಚಿಕಾಗೋ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಸಾಕಪ್ಪಾ ಈ ಚಳಿ, ಡಲ್ಲಾಸ್‌ಗೆ ಹೋಗಿಬಿಡೋಣ.’ ಮಾರ್ಚ್ ರಜೆಗೆ ಅಲ್ಲಿಗೆ ಹೋಗಿ ನೋಡುತ್ತಾರೆ. ಹಿತವಾದ ಬಿಸಿಲು, ರಸ್ತೆ ಬದಿಯಲ್ಲಿ ನೀಲಿ ಹೂವು, ದೊಡ್ಡ ದೊಡ್ಡ ಹೊಸ ಮನೆಗಳು. ಏಪ್ರಿಲ್‌ನಲ್ಲಿ ಮುಂಗಡ ಕಟ್ಟಿ ಬರುತ್ತಾರೆ. ತೀರ್ಮಾನ ತಪ್ಪುವುದು ಬಹುಪಾಲು ಇಲ್ಲಿಯೇ. ನಮ್ಮೂರಿನ ಅತಿ ಕೆಟ್ಟ ತಿಂಗಳನ್ನು ಅವರೂರಿನ ಅತಿ ಒಳ್ಳೆಯ ತಿಂಗಳ ಜೊತೆ ಹೋಲಿಸಿದರೆ ಯಾವ ಊರೂ ಗೆದ್ದೇ ಗೆಲ್ಲುತ್ತದೆ.

ಈ ಬರಹದಲ್ಲಿ ಚಿಕಾಗೋವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಮಿನಿಯಾಪೊಲಿಸ್, ಡೆಟ್ರಾಯಿಟ್ ಕಡೆಯವರು ಅಂಕಿಗಳನ್ನು ಬದಲಿಸಿಕೊಂಡು ಓದಬಹುದು.

ಕಾಡುತ್ತಿರುವುದು ಏನು ಎಂದು ಮೊದಲು ಗುರುತಿಸಿ

‘ಚಳಿ ಆಗುವುದಿಲ್ಲ’ ಎನ್ನುವ ಒಂದು ಮಾತಿನೊಳಗೆ ಮೂರು ನಾಲ್ಕು ಬೇರೆ ದೂರುಗಳಿರುತ್ತವೆ. ಉಷ್ಣಾಂಶ ಒಂದು. ಕತ್ತಲೆ ಇನ್ನೊಂದು, ಡಿಸೆಂಬರ್ ಕೊನೆಯಲ್ಲಿ ಚಿಕಾಗೋದ ಹಗಲು ಒಂಬತ್ತು ಗಂಟೆ ಚಿಲ್ಲರೆ, ಸಂಜೆ ನಾಲ್ಕೂವರೆಗೆಲ್ಲ ಕಪ್ಪು. ಹಿಮ ಎತ್ತುವುದು, ಕಾರಿನ ಗಾಜು ಕೆರೆಯುವುದು ಮೂರನೆಯದು. ನಾಲ್ಕನೆಯದು, ನಾಲ್ಕೈದು ತಿಂಗಳು ಯಾರ ಮುಖವೂ ಕಾಣದೆ ಮನೆಯೊಳಗೆ ಕೂರುವುದು.

ಕತ್ತಲೆಯೇ ಮುಖ್ಯ ಕಾರಣವಾಗಿದ್ದರೆ, ಅಂದರೆ ನವೆಂಬರ್‌ನಿಂದ ಮಂಕು, ಅತಿನಿದ್ರೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಏಪ್ರಿಲ್‌ಗೆ ತಾನಾಗಿ ಸರಿಹೋಗುವುದು ವರ್ಷವರ್ಷವೂ ನಡೆಯುತ್ತಿದ್ದರೆ, ವೈದ್ಯರನ್ನು ಕೇಳಿ. ಬೆಳಗ್ಗೆ ಎದ್ದ ಒಂದು ಗಂಟೆಯೊಳಗೆ 10,000 ಲಕ್ಸ್‌ನ ದೀಪದ ಮುಂದೆ ಅರ್ಧ ಗಂಟೆ ಕೂರುವ ಚಿಕಿತ್ಸೆ ಬಹಳ ಜನರಿಗೆ ಕೆಲಸ ಮಾಡುತ್ತದೆ. ಕಣ್ಣಿನ ಕಾಯಿಲೆಯೋ ಬೈಪೋಲಾರ್ ತೊಂದರೆಯೋ ಇದ್ದವರು ಮಾತ್ರ ವೈದ್ಯರು ಹೇಳದೆ ಆರಂಭಿಸಬಾರದು. ಹಿಮ ಎತ್ತುವುದೇ ತೊಂದರೆಯಾಗಿದ್ದರೆ ಋತುವಿಗೆ ಇಷ್ಟು ಎಂದು ಗುತ್ತಿಗೆ ಕೊಡುವುದು ಊರು ಬಿಡುವುದಕ್ಕಿಂತ ಬಹಳ ಅಗ್ಗ. ಇನ್ನು ಒಂಟಿತನ. ಅದು ಲಾರಿ ಹತ್ತಿ ಜೊತೆಗೇ ಬರುತ್ತದೆ. ಡಲ್ಲಾಸ್‌ನ ಜುಲೈ, ಆಗಸ್ಟ್‌ನಲ್ಲೂ ಜನ ಎಸಿ ಹಾಕಿಕೊಂಡು ಒಳಗೇ ಇರುತ್ತಾರೆ.

ಉಷ್ಣಾಂಶವೇ ನಿಜವಾದ ಕಾರಣ, ಕೀಲುನೋವಿನಂಥ ತೊಂದರೆ ಚಳಿಗೆ ಹೆಚ್ಚುತ್ತಿದೆ ಎಂದಾದರೆ ಮುಂದೆ ಓದಿ.

ಬಿಸಿಲಿನಲ್ಲೂ ಜಾತಿಗಳಿವೆ

ಚಿಕಾಗೋದ ಜನವರಿಯ ಸರಾಸರಿ ಹಗಲಿಗೆ 0 ಡಿಗ್ರಿ, ರಾತ್ರಿಗೆ ಮೈನಸ್ 7 (ಇಲ್ಲಿರುವುದೆಲ್ಲ ಸೆಲ್ಸಿಯಸ್). ಡಲ್ಲಾಸ್‌ನ ಆಗಸ್ಟ್ ಹಗಲಿಗೆ 36, ರಾತ್ರಿಗೆ 25. 2011ರಲ್ಲಿ ಅಲ್ಲಿ 71 ದಿನ ಉಷ್ಣಾಂಶ 100 ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಮುಟ್ಟಿತ್ತು. ಹ್ಯೂಸ್ಟನ್‌ನಲ್ಲಿ ಅಂಕಿ ಹೆಚ್ಚುಕಡಿಮೆ ಅಷ್ಟೇ, ಆದರೆ ಗಾಳಿಯಲ್ಲಿ ನೀರು ತುಂಬಿರುತ್ತದೆ. ಅರಿಜೋನಾದ ಫೀನಿಕ್ಸ್‌ನ ಜುಲೈ ಹಗಲು 41. 2023ರಲ್ಲಿ ಅಲ್ಲಿ ಸತತ 31 ದಿನ 43 ಡಿಗ್ರಿ ದಾಟಿತು. ರಾಯಚೂರಿನ ಮೇ ತಿಂಗಳು ಗೊತ್ತಿದ್ದವರಿಗೆ ಫೀನಿಕ್ಸ್, ಮಂಗಳೂರಿನ ಸೆಖೆ ಗೊತ್ತಿದ್ದವರಿಗೆ ಹ್ಯೂಸ್ಟನ್ ತಕ್ಷಣ ಅರ್ಥವಾಗುತ್ತವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೆಳೆದವರು ‘ನಮಗೆ ಬಿಸಿಲು ಅಭ್ಯಾಸ’ ಎಂದುಕೊಳ್ಳುವುದು ಬರೀ ಭ್ರಮೆ. ಅಂಥ ಬಿಸಿಲನ್ನು ಅವರು ಕಂಡೇ ಇಲ್ಲ.

ಹೋಲಿಸುವಾಗ ಹಗಲಿನ ಗರಿಷ್ಠಕ್ಕಿಂತ ಎರಡು ಅಂಕಿಗಳನ್ನು ಹೆಚ್ಚು ನಂಬಿ: ರಾತ್ರಿಯ ಕನಿಷ್ಠ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣಾಂಶ; ಹೆಚ್ಚಿದಷ್ಟೂ ಸೆಖೆ). ರಾತ್ರಿ 25ಕ್ಕಿಂತ ಕೆಳಗಿಳಿಯದಿದ್ದರೆ ಎಸಿ 24 ಗಂಟೆಯೂ ಓಡುತ್ತದೆ, ಮಕ್ಕಳು ಸಂಜೆ ಏಳಕ್ಕೂ ಹೊರಗೆ ಆಡುವುದಿಲ್ಲ. ಡ್ಯೂ ಪಾಯಿಂಟ್ 24 ದಾಟಿದರೆ ಬೆವರು ಬೇಗ ಒಣಗುವುದಿಲ್ಲ.

ಆದ್ದರಿಂದ ಆಗಸ್ಟ್ ಮೊದಲೆರಡು ವಾರಗಳಲ್ಲಿ ಕನಿಷ್ಠ ಐದು ದಿನ ಹೋಗಿ. ಹೋಟೆಲ್ ಬೇಡ, ನೀವು ಇರಬಯಸುವ ಬಡಾವಣೆಯಲ್ಲೇ ಬಾಡಿಗೆ ಮನೆ ಹಿಡಿಯಿರಿ. ವಾರದ ದಿನ ಸಂಜೆ ಐದಕ್ಕೆ, ಬಿಸಿಲಲ್ಲಿ ನಿಲ್ಲಿಸಿದ್ದ ಕಾರು ಹತ್ತಿ ಕಚೇರಿ ದಾರಿಯಲ್ಲಿ ಓಡಿಸಿ. ರಾತ್ರಿ ಎಂಟೂವರೆಗೆ ಅರ್ಧ ಗಂಟೆ ನಡೆಯಿರಿ. ನಿಮ್ಮ ಬೇಸಿಗೆ ಹೀಗೆಯೇ ಇರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಡೆದು ಬಂದ ಮೇಲೂ ‘ಪರವಾಗಿಲ್ಲ’ ಅನ್ನಿಸಿದರೆ ಅರ್ಧ ತೀರ್ಮಾನವಾದಂತೆ.

ಎರಡೂ ಅತಿ ಬೇಡ ಎನ್ನುವವರು ನಾರ್ತ್ ಕೆರೊಲೈನಾದ ರಾಲಿ, ಕ್ಯಾರಿ ಕಡೆ ನೋಡಬಹುದು. ಜುಲೈ ಹಗಲು 32ರ ಆಸುಪಾಸು, ಚಳಿಗಾಲ ಇದ್ದೂ ಇಲ್ಲದಂತೆ. ಏಪ್ರಿಲ್‌ನಲ್ಲಿ ಪೈನ್ ಮರದ ಹಳದಿ ಪರಾಗ ಕಾರಿನ ಮೇಲೆಲ್ಲ ಕೂರುತ್ತದೆ. ಅಲರ್ಜಿ ಇದ್ದವರು ಆಸ್ಟಿನ್ ಬಗ್ಗೆಯೂ ಎಚ್ಚರವಾಗಿರಿ: ಅಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸೀಡರ್ ಪರಾಗದ ಕಾಟ. ಚಳಿಯ ಬದಲು ಸೀನು.

ದುಡ್ಡಿನ ಲೆಕ್ಕ

‘ಟೆಕ್ಸಸ್‌ನಲ್ಲಿ ಆದಾಯ ತೆರಿಗೆ ಇಲ್ಲ’ ಎನ್ನುವುದು ನಿಜ, ರಾಜ್ಯದ ಮಟ್ಟಿಗೆ. ಚಿಕಾಗೋ ಇರುವ ಇಲಿನಾಯ್ ರಾಜ್ಯದ್ದು 4.95%. ವರ್ಷಕ್ಕೆ 1,60,000 ಡಾಲರ್ ಸಂಬಳದ ಮನೆಗೆ ಸುಮಾರು 7,900 ಡಾಲರ್ ಉಳಿತಾಯ. ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವವರು ಬಹಳ.

ಈಗ ಹಳೆಯ ಮನೆ ಸಾಲ 3% ಬಡ್ಡಿಯದು ಎಂದುಕೊಳ್ಳಿ. 3,00,000 ಡಾಲರ್ ಸಾಲ, 30 ವರ್ಷ: ತಿಂಗಳ ಕಂತು 1,265. ಅಷ್ಟೇ ಸಾಲ ಹೊಸ ಊರಿನಲ್ಲಿ 6.5%ಗೆ ತೆಗೆದರೆ 1,896. ವರ್ಷಕ್ಕೆ 7,570 ಡಾಲರ್ ಹೆಚ್ಚು. ತೆರಿಗೆಯಲ್ಲಿ ಉಳಿದದ್ದು ಬಡ್ಡಿಗೆ ಹೋಯಿತು. ಇದರ ಮೇಲೆ ಹಳೆಯ ಮನೆ ಮಾರುವಾಗ ಏಜೆಂಟರ ಕಮಿಷನ್ 5–6%. ನಾಲ್ಕು ಲಕ್ಷದ ಮನೆಗೆ ಅದೇ ಇಪ್ಪತ್ತರಿಂದ ಇಪ್ಪತ್ನಾಲ್ಕು ಸಾವಿರ.

ಆಸ್ತಿ ತೆರಿಗೆ ಚಿಕಾಗೋ ಉಪನಗರಗಳಲ್ಲಿ ಇರುವಂತೆಯೇ ಟೆಕ್ಸಸ್‌ನಲ್ಲೂ ಸುಮಾರು 2%. ಆದರೆ ಹ್ಯೂಸ್ಟನ್, ಆಸ್ಟಿನ್ ಹೊರವಲಯದ ಹೊಸ ಬಡಾವಣೆಗಳಲ್ಲಿ ‘ಮಡ್’ ಎಂಬ ನೀರು-ಚರಂಡಿ ಮಂಡಳಿಯ ತೆರಿಗೆ ಬೇರೆ ಸೇರಿ ಒಟ್ಟು ದರ 2.5, ಕೆಲವೆಡೆ 3%ರ ಹತ್ತಿರಕ್ಕೆ ಹೋಗುತ್ತದೆ. ಇನ್ನೊಂದು ಬಲೆ ಹೊಸ ಮನೆಯ ಮೊದಲ ವರ್ಷದ ತೆರಿಗೆ. ಜನವರಿ 1ಕ್ಕೆ ಅಲ್ಲಿ ಬರೀ ನಿವೇಶನವಿದ್ದರೆ ಆ ವರ್ಷ ನಿವೇಶನಕ್ಕೆ ಮಾತ್ರ ತೆರಿಗೆ. ತೆರಿಗೆಯೂ ಸೇರಿದ ತಿಂಗಳ ಕಂತು ಕಡಿಮೆ ಕಂಡು ಖುಷಿಯಾಗುತ್ತದೆ. ಮರುವರ್ಷ ಇಡೀ ಮನೆಗೆ ತೆರಿಗೆ ಬಿದ್ದು ಕಂತು ತಿಂಗಳಿಗೆ ನೂರಾರು ಡಾಲರ್ ಜಿಗಿಯುತ್ತದೆ. ಕೊಳ್ಳುವ ಮೊದಲೇ ಪೂರ್ತಿ ಮನೆಯ ಬೆಲೆಯನ್ನು ಒಟ್ಟು ದರದಿಂದ ಗುಣಿಸಿ ನೋಡಿ. ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ, ಅರ್ಜಿ ಹಾಕಿದರೆ ಮಾತ್ರ. ಏಪ್ರಿಲ್ 30ರೊಳಗೆ ಹಾಕಿ.

ವಿಮೆಯ ಬೆಲೆಯನ್ನು ಊಹಿಸಬೇಡಿ. ಮೆಚ್ಚಿದ ಮನೆಯ ವಿಳಾಸ ಕೊಟ್ಟು ಮೂರು ಕಡೆ ಕೇಳಿ. ಡಲ್ಲಾಸ್ ಸುತ್ತ ಆಲಿಕಲ್ಲು ಮಳೆ ಮಾಮೂಲು, ಅದಕ್ಕೆ ಸ್ವಂತ ಜೇಬಿನಿಂದ ಕೊಡಬೇಕಾದ ಪಾಲು ಸಾಮಾನ್ಯವಾಗಿ ಮನೆಯ ವಿಮಾ ಮೊತ್ತದ 1 ಅಥವಾ 2%. ನಾಲ್ಕೂವರೆ ಲಕ್ಷಕ್ಕೆ 2% ಎಂದರೆ 9,000 ಡಾಲರ್. ಛಾವಣಿ ಹಳತಾಗಿದ್ದರೆ ಹೊಸದರ ಬೆಲೆ ಕೊಡುವ ಬದಲು ಸವಕಳಿ ಕಳೆದು ಕೊಡುವ ಪಾಲಿಸಿಗಳೂ ಇವೆ. ಅದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಮನೆಯಿಂದಲೇ ಕೆಲಸ ಮಾಡುವವರು ಎಚ್‌ಆರ್‌ಗೆ ಎರಡು ಪ್ರಶ್ನೆ ಹಾಕಿ: ಆ ರಾಜ್ಯದಲ್ಲಿ ನನಗೆ ಸಂಬಳ ಕೊಡಲು ಕಂಪನಿ ನೋಂದಾಯಿಸಿಕೊಂಡಿದೆಯೇ? ಊರು ಬದಲಾದರೆ ಸಂಬಳ ಇಳಿಯುತ್ತದೆಯೇ? 5% ಇಳಿದರೆ ತೆರಿಗೆ ಉಳಿತಾಯ ಪೂರ್ತಿ ಹೋಯಿತು.

ವೀಸಾದವರು ಇದನ್ನು ಮೊದಲು ನೋಡಲಿ

ಎಚ್-1ಬಿ ಊರಿಗೆ ಅಂಟಿಕೊಂಡ ಕೆಲಸದ ವೀಸಾ. ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಹೋದರೆ, ಅದೇ ಕಂಪನಿ, ಅದೇ ಕೆಲಸವಾದರೂ, ಹೊಸ ಎಲ್‌ಸಿಎ (ಆ ಊರಿನ ಸಂಬಳ, ಕೆಲಸದ ಬಗ್ಗೆ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಘೋಷಣೆ) ಮಾಡಿಸಿ ತಿದ್ದುಪಡಿ ಅರ್ಜಿ ಹಾಕಬೇಕು. 2015ರ ಸಿಮಿಯೊ ಪ್ರಕರಣದ ತೀರ್ಪಿನ ನಂತರ ಇದರಲ್ಲಿ ಅನುಮಾನವೇ ಇಲ್ಲ. ಮನೆಯಿಂದ ಕೆಲಸ ಮಾಡಿದರೂ ನಿಮ್ಮ ಮನೆಯೇ ಕೆಲಸದ ಜಾಗ. ಅರ್ಜಿ ಸಲ್ಲಿಕೆಯಾದ ಮೇಲೆ ಹೊಸ ಊರಿನಲ್ಲಿ ಕೆಲಸ ಶುರು ಮಾಡಬಹುದು, ಮಂಜೂರಾತಿಗೆ ಕಾಯಬೇಕಿಲ್ಲ. ಸಲ್ಲಿಕೆಗೆ ಮೊದಲು ಮಾತ್ರ ಹೋಗಬೇಡಿ. ‘ಆಮೇಲೆ ಹೇಳಿದರಾಯ್ತು’ ಎಂದು ಸದ್ದಿಲ್ಲದೆ ಊರು ಬದಲಿಸಿದವರಿಗೆ ಮುಂದಿನ ವಿಸ್ತರಣೆಯಲ್ಲಿ ಸಂಬಳದ ಚೀಟಿಯ ವಿಳಾಸವೇ ಸಾಕ್ಷಿಯಾಗಿ ನಿಲ್ಲುತ್ತದೆ.

ಹಸಿರು ಕಾರ್ಡಿನ ಹಾದಿಯಲ್ಲಿದ್ದರೆ ಇನ್ನೂ ಸೂಕ್ಷ್ಮ. ಪರ್ಮ್, ಅಂದರೆ ಹಸಿರು ಕಾರ್ಡಿಗಾಗಿ ಕಂಪನಿ ಮೊದಲು ಕಾರ್ಮಿಕ ಇಲಾಖೆಗೆ ಹಾಕುವ ಅರ್ಜಿಯೂ ನಿರ್ದಿಷ್ಟ ಊರಿನ ಕೆಲಸಕ್ಕೆ ಸೇರಿದ್ದು. ದಿನವೂ ಹೋಗಿಬರುವ ದೂರಕ್ಕಿಂತ ಆಚೆಗೆ ಆ ಕೆಲಸ ಹೋದರೆ ಸಾಮಾನ್ಯವಾಗಿ ಪರ್ಮ್ ಹೊಸದಾಗಿ ಮಾಡಬೇಕಾಗುತ್ತದೆ. ಪರ್ಮ್ ಆದ ಮೇಲೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಸರದಿಯ ದಿನಾಂಕ ಉಳಿಯುತ್ತದೆ. ಪರ್ಮ್ ನಡುವೆ ಇದ್ದರೆ ಐ-140 ಮಂಜೂರಾಗುವ ತನಕ ಹೊರಡದಿರುವುದೇ ಜಾಣತನ. ಇನ್ನೊಂದೆರಡು ಚಳಿಗಾಲ ಕಳೆದರೂ ಚಿಂತೆಯಿಲ್ಲ. ಕಂಪನಿಯ ವಕೀಲರ ಉತ್ತರ ಇಮೇಲ್‌ನಲ್ಲಿ ಕೈಗೆ ಬಂದ ಮೇಲೆ ಲಾರಿ ಮಾತಾಡಿ.

ಮನೆ ನೋಡುವಾಗ

ಚಿಕಾಗೋದಲ್ಲಿ ನೆಲಮಾಳಿಗೆ, ಬಾಯ್ಲರ್ ನೋಡಿ ಅಭ್ಯಾಸವಾದ ಕಣ್ಣು ಟೆಕ್ಸಸ್‌ನಲ್ಲಿ ತಪ್ಪು ಜಾಗ ನೋಡುತ್ತದೆ. ಡಲ್ಲಾಸ್‌ನ ಬಹುಪಾಲು ನೆಲ ನಮ್ಮ ಬಿಜಾಪುರ, ಧಾರವಾಡ ಕಡೆಯ ಎರೆಮಣ್ಣಿನದೇ ಜಾತಿ. ನೀರು ಕುಡಿದರೆ ಉಬ್ಬುತ್ತದೆ, ಬರ ಬಂದರೆ ಬಾಯಿ ಬಿಡುತ್ತದೆ. ಅದರ ಮೇಲೆ ಕಾಂಕ್ರೀಟ್ ಹಾಸಿ ಮನೆ ಕಟ್ಟಿರುತ್ತಾರೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಹೊರಗೋಡೆಯ ಇಟ್ಟಿಗೆಯಲ್ಲಿ ಮೆಟ್ಟಿಲಂಥ ಸೀಳು, ಹಾಕಿದರೆ ನಿಲ್ಲದ ಬಾಗಿಲು ಕಂಡರೆ ಸಾಮಾನ್ಯ ತಪಾಸಣೆಗೆ ನಿಲ್ಲಿಸದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬೇಸಿಗೆಯಲ್ಲಿ ಅಡಿಪಾಯದ ಸುತ್ತ ನೀರು ಜಿನುಗಿಸುವ ಸೋಕರ್ ಪೈಪ್ ಹಾಸಿ ನೀರುಣಿಸುವುದು ಅಲ್ಲಿನವರ ಮಾಮೂಲು ಕೆಲಸ. ಗೋಡೆಗೆ ತಾಗಿಸದೆ ಒಂದಡಿ ಬಿಟ್ಟು ಹಾಸಬೇಕು.

ಎಸಿಯ ವಯಸ್ಸು ಕೇಳಿ. ಹನ್ನೆರಡು ವರ್ಷ ದಾಟಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಮಾತಾಡಿಕೊಳ್ಳಿ. ಒಳಗಿನ ಯಂತ್ರ ಅಟ್ಟದಲ್ಲಿದ್ದರೆ ಅದರ ಕೆಳಗಿನ ತಟ್ಟೆಯಲ್ಲಿ ತುಕ್ಕು, ನೀರಿನ ಕಲೆ ನೋಡಿ. ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಮಲಗುವ ಕೋಣೆಯ ಚಾವಣಿಗೇ ಸುರಿಯುತ್ತದೆ. ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲು ಕೇಳಿ. ಗೆದ್ದಲಿನ ತಪಾಸಣೆ ಬಿಡಬೇಡಿ.

ಹ್ಯೂಸ್ಟನ್ ಆದರೆ ನೆರೆ ನಕ್ಷೆ. ‘ನಮ್ಮದು ಅಪಾಯದ ವಲಯವಲ್ಲ’ ಎಂದರೆ ನೀರು ಬರುವುದಿಲ್ಲ ಎಂದಲ್ಲ. 2017ರ ಹಾರ್ವಿ ಚಂಡಮಾರುತದಲ್ಲಿ ವಲಯದ ಹೊರಗಿನ ಮನೆಗಳೂ ಬೇಕಾದಷ್ಟು ಮುಳುಗಿದವು. ಸಾಮಾನ್ಯ ಮನೆ ವಿಮೆ ನೆರೆಗೆ ಕೊಡುವುದಿಲ್ಲ. ಸರ್ಕಾರದ ನೆರೆ ವಿಮೆ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಮನೆ ಸಾಲದ ಜೊತೆಗೆ ತೆಗೆಯದಿದ್ದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿ. ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಕೊಂಡು ಪ್ರಯೋಜನವಿಲ್ಲ.

ಚಳಿ ಪೂರ್ತಿ ಬಿಟ್ಟುಹೋಗುತ್ತದೆ ಎಂದೂ ಎಣಿಸಬೇಡಿ. 2021ರ ಫೆಬ್ರುವರಿಯಲ್ಲಿ ಡಲ್ಲಾಸ್ ಮೈನಸ್ 19ಕ್ಕೆ ಇಳಿದು ಲಕ್ಷಾಂತರ ಮನೆಗಳ ಕರೆಂಟು ದಿನಗಟ್ಟಲೆ ಹೋಯಿತು, ಅಟ್ಟದ ಕೊಳಾಯಿಗಳು ಒಡೆದವು. ಮನೆಯ ಮುಖ್ಯ ನೀರಿನ ವಾಲ್ವ್ ಎಲ್ಲಿದೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ. ದಪ್ಪ ಕೋಟುಗಳನ್ನೆಲ್ಲ ದಾನ ಮಾಡಬೇಡಿ.

ಮಕ್ಕಳು, ಅಪ್ಪ-ಅಮ್ಮ

ಮಗು ಹತ್ತನೇ ತರಗತಿ ದಾಟಿದ್ದರೆ ಕಾಲೇಜು ಶುಲ್ಕದ ಲೆಕ್ಕ ಹಾಕಿ. ಊರು ಬಿಟ್ಟರೆ ಇಲಿನಾಯ್ ವಿಶ್ವವಿದ್ಯಾಲಯದ ಸ್ಥಳೀಯ ಶುಲ್ಕ ಕೈತಪ್ಪುತ್ತದೆ. ಟೆಕ್ಸಸ್‌ನಲ್ಲಿ ಸ್ಥಳೀಯರೆನಿಸಿಕೊಳ್ಳಲು ಕನಿಷ್ಠ 12 ತಿಂಗಳ ವಾಸ ಬೇಕು. ಹನ್ನೊಂದನೇ ತರಗತಿಯ ನಡುವೆ ಶಾಲೆ ಬದಲಿಸುವುದು ಎಲ್ಲ ರೀತಿಯಿಂದಲೂ ಕೆಟ್ಟ ಸಮಯ.

ಊರಿನಿಂದ ಬರುವ ಅಪ್ಪ-ಅಮ್ಮನ ಪ್ರವಾಸವೂ ತಲೆಕೆಳಗಾಗುತ್ತದೆ. ಚಿಕಾಗೋಗೆ ಅವರು ಮೇನಲ್ಲಿ ಬಂದು ಅಕ್ಟೋಬರ್‌ಗೆ ಹೊರಡುತ್ತಾರೆ. ಡಲ್ಲಾಸ್‌ನಲ್ಲಿ ಅದೇ ತಿಂಗಳುಗಳಲ್ಲಿ ಬಂದರೆ, ಕಾರು ಓಡಿಸಲು ಬಾರದ ಹಿರಿಯರು ಬೆಳಗ್ಗೆ ಏಳರ ನಂತರ ಮನೆಯೊಳಗೇ ಬಂದಿ. ಅಕ್ಟೋಬರ್‌ನಿಂದ ಮಾರ್ಚ್‌ಗೆ ಕರೆಸಿಕೊಳ್ಳಿ. ದೀಪಾವಳಿ, ಸಂಕ್ರಾಂತಿ ಎರಡೂ ಜೊತೆಗೆ ಸಿಗುತ್ತವೆ. ಬಳಗದ ಚಿಂತೆ ದೊಡ್ಡದಲ್ಲ. ಚಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ ಬಿಟ್ಟವರಿಗೆ ಡಲ್ಲಾಸ್‌ನಲ್ಲಿ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ ಇವೆ. ಆಗಸ್ಟ್‌ನಲ್ಲಿ ನೋಡಲು ಹೋದಾಗಲೇ ಸಂಘದವರನ್ನು ಮಾತಾಡಿಸಿ ಬನ್ನಿ. ಯಾವ ಬಡಾವಣೆಯ ಅಡಿಪಾಯ ಬಿರುಕು ಬಿಟ್ಟಿದೆ ಎನ್ನುವುದು ಏಜೆಂಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹೊರಡುವುದೇ ಆದರೆ

ಮೊದಲ ವರ್ಷ ಬಾಡಿಗೆಗೆ ಇರಿ, ಒಂದು ಪೂರ್ತಿ ಬೇಸಿಗೆ ಕಳೆಯಿರಿ. ಚಿಕಾಗೋದ ಮನೆ ಕಡಿಮೆ ಬಡ್ಡಿಯದಾಗಿದ್ದರೆ ಆ ವರ್ಷ ಅದನ್ನೂ ಬಾಡಿಗೆಗೆ ಕೊಟ್ಟು ನೋಡಿ. ವಾಸದ ಮನೆಯ ವಿಮೆಯನ್ನು ಬಾಡಿಗೆ ಮನೆಯ ವಿಮೆಗೆ ಬದಲಿಸಲು ಮರೆತರೆ ಪರಿಹಾರ ಕೇಳುವಾಗ ಕೈಕೊಡುತ್ತದೆ.

ಅಕ್ಟೋಬರ್‌ನಲ್ಲಿ ಹೊರಡುವುದು ಮೈಗೆ ಹಿತ, ಬೇಸಿಗೆ ರಜೆಯ ನೂಕುನುಗ್ಗಲು ಇಲ್ಲದ್ದರಿಂದ ಲಾರಿ ಬಾಡಿಗೆಯೂ ಇಳಿದಿರುತ್ತದೆ. ಶಾಲೆಯ ಮಕ್ಕಳಿದ್ದರೆ ಜುಲೈ ಕೊನೆಯೇ ಗತಿ. ಟೆಕ್ಸಸ್ ಶಾಲೆಗಳು ಆಗಸ್ಟ್ ನಡುವೆಯೇ ಶುರುವಾಗುತ್ತವೆ. ಹೋದ 30 ದಿನದೊಳಗೆ ಕಾರಿನ ನೋಂದಣಿ, 90 ದಿನದೊಳಗೆ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್. ಅಮೆರಿಕದ ಪೌರರಲ್ಲದವರೆಲ್ಲ, ಹಸಿರು ಕಾರ್ಡಿನವರೂ ಸೇರಿ, 10 ದಿನದೊಳಗೆ ವಲಸೆ ಇಲಾಖೆಯ ಎಆರ್-11 ನಮೂನೆ ತುಂಬಿ ವಿಳಾಸ ತಿಳಿಸಬೇಕು. ಆ ವರ್ಷ ಇಲಿನಾಯ್‌ಗೆ ಭಾಗಶಃ ವರ್ಷದ ನಿವಾಸಿಯಾಗಿ ತೆರಿಗೆ ವಿವರ ಸಲ್ಲಿಸಿ. ಸಂಬಳದಲ್ಲಿ ಇಲಿನಾಯ್ ತೆರಿಗೆ ಕಡಿತ ನಿಂತಿದೆಯೇ ಎಂದು ಎರಡನೇ ಚೀಟಿಯಲ್ಲಿ ನೋಡಿ. ಕುಂಡದ ಕರಿಬೇವು, ನಿಂಬೆ ಗಿಡಗಳನ್ನು ಲಾರಿಗೆ ಹಾಕುವ ಮುನ್ನ ಟೆಕ್ಸಸ್ ಕೃಷಿ ಇಲಾಖೆಯ ನಿಯಮ ಓದಿ. ನಿಂಬೆ ಜಾತಿಯ ರೋಗ ಹರಡುವ ಕೀಟ ಕರಿಬೇವಿನಲ್ಲೂ ಬದುಕುವುದರಿಂದ ಇವುಗಳ ಸಾಗಣೆಗೆ ನಿರ್ಬಂಧಗಳಿವೆ. ಗಿಡವನ್ನು ಅಕ್ಕಪಕ್ಕದವರಿಗೆ ಕೊಟ್ಟು, ಅಲ್ಲಿನ ನರ್ಸರಿಯಲ್ಲಿ ಹೊಸದು ಕೊಳ್ಳುವುದೇ ಸಲೀಸು.