ಕಿವಿಗೆ ನೀರು ಹೋಯ್ತಾ? ಕಡ್ಡಿ ಹಾಕಬೇಡಿ, ಕಿವಿ ಎಳೆಯಿರಿ

ಬೇಸಿಗೆ ರಜೆಯಲ್ಲಿ ಯಾವ ಈಜುಕೊಳದ ಹತ್ತಿರ ಹೋದರೂ ಇದೇ ಕಾಣುತ್ತದೆ. ಮಗು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಿರುತ್ತದೆ, ಅಮ್ಮ ಟವೆಲ್ ತುದಿ ಹೊಸೆದು ಕಿವಿಯೊಳಗೆ ತಿರುಗಿಸುತ್ತಾರೆ, ಮನೆಗೆ ಹೋದ ಮೇಲೆ ಬಡ್ಸ್. ದಯವಿಟ್ಟು ಬೇಡ. ಬಡ್ಸ್ ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ, ನೀರು ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ, ನೆಂದು ಮೆತ್ತಗಾದ ಚರ್ಮ ಗೀರುತ್ತದೆ. ಸೋಂಕು ಶುರುವಾಗುವುದು ಆ ಗೀರಿನಿಂದಲೇ.

ಮೊದಲು ಹೊರಗಿವಿ ಒರೆಸಿ.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಿವಿಯ ದಾರಿ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಉದ್ದ, ಅದೂ ಡೊಂಕು. ನೀರು ನಿಲ್ಲುವುದು ಆ ಡೊಂಕಿನಲ್ಲಿ, ಹಾಗಾಗಿ ತಲೆ ವಾಲಿಸಿದರಷ್ಟೇ ಸಾಲದು, ದಾರಿಯನ್ನೂ ನೆಟ್ಟಗೆ ಮಾಡಬೇಕು. ನೀರು ಹೋದ ಕಿವಿ ಪೂರ್ತಿ ನೆಲದ ಕಡೆ ತಿರುಗುವಂತೆ ಬಗ್ಗಿ, ಕಿವಿಯ ಮೇಲ್ತುದಿ ಹಿಡಿದು ತಲೆಯ ಹಿಂಭಾಗದ ಕಡೆಗೆ, ಸ್ವಲ್ಪ ಮೇಲಕ್ಕೆ, ಮೆಲ್ಲಗೆ ಎಳೆಯಿರಿ. 3 ವರ್ಷದೊಳಗಿನ ಮಗುವಾದರೆ ಹಾಲೆ ಹಿಡಿದು ಕೆಳಕ್ಕೆ, ಹಿಂದಕ್ಕೆ. ಎಳೆದು ಹಿಡಿದುಕೊಂಡೇ ಬಾಯಿ ಅಗಲಿಸಿ, ಆಕಳಿಸಿ, ಏನೋ ಅಗಿಯುವ ಹಾಗೆ ದವಡೆ ಆಡಿಸಿ. ಅವಸರ ಬೇಡ. ಬರಲಿಲ್ಲವಾ? ಕಿವಿ ಕೆಳಗಿರುವಾಗಲೇ ಅಂಗೈಯನ್ನು ಅದಕ್ಕೆ ಬಟ್ಟಲಿನಂತೆ ಮೆಲ್ಲಗೆ ಒತ್ತಿ ಬಿಡಿ. ಆಮೇಲೆ ಟವೆಲ್ ಹಾಸಿ ಅದೇ ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿ. ತಲೆಗೆ ಪಟಪಟ ಬಡಿಯುವುದನ್ನು ಬಿಡಿ, ಮಕ್ಕಳಿಗಂತೂ ಬೇಡವೇ ಬೇಡ.

ಉಳಿದ ತೇವಕ್ಕೆ ಹೇರ್ ಡ್ರೈಯರ್: ಕಡಿಮೆ ಬಿಸಿ, ಒಂದು ಅಡಿ ದೂರ, ಆಡಿಸುತ್ತಾ ಹಿಡಿಯಿರಿ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬೇಡ. ಅಜ್ಜಿ ಹೇಳಿದ್ದರೂ ಬೇಡ. ವಿನೆಗರ್, ಸ್ಪಿರಿಟ್ ಬೆರೆಸಿ ಬಿಡುವುದೂ ಉಂಟು, ಆದರೆ ಕಿವಿಯ ತಮಟೆಯಲ್ಲಿ ತೂತಿದ್ದರೆ ಅಪಾಯ, ತೂತಿದೆಯೋ ಇಲ್ಲವೋ ಅಂತ ಮನೆಯಲ್ಲಿ ನೋಡುವುದು ಹೇಗೆ? ಕಿವಿಗೆ ಹಚ್ಚುವ ಮೇಣದ ಬತ್ತಿ ಅಂತ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ, ಬಿಸಿ ಮೇಣ ಬಿದ್ದು ಸುಡುತ್ತದೆ ಅಷ್ಟೇ. ಕಪಾಟಿನಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಹಾಕಬೇಡಿ. ಕರಾವಳಿಯ ಮಳೆಗಾಲದಂಥ ತೇವದಲ್ಲಿ ಕಿವಿಯೊಳಗೂ ಫಂಗಸ್ ಬರುತ್ತದೆ, ತುರಿಕೆ ಜಾಸ್ತಿ ಇರುತ್ತದೆ. ಆಂಟಿಬಯಾಟಿಕ್ ಡ್ರಾಪ್ಸ್ ಅದಕ್ಕೆ ನಾಟುವುದಿಲ್ಲ, ಇನ್ನೂ ಹೆಚ್ಚಾಗಲೂಬಹುದು.

ಕಿವಿ ತೂತಿನ ಮುಂದಿರುವ ಪುಟ್ಟ ಉಬ್ಬನ್ನು ಒತ್ತಿ ನೋಡಿ. ನೋವಾದರೆ, ಕಿವಿ ಸೋರಿದರೆ, ಜ್ವರ ಬಂದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ನೋವಿಲ್ಲದೆ ಒಂದೆರಡು ದಿನ ಕಿವಿ ಕಟ್ಟಿಕೊಂಡೇ ಇದ್ದರೂ ಹೋಗಿ, ನೀರಿಗೆ ಗುಗ್ಗೆ ಊದಿಕೊಂಡಿರಬಹುದು. ಸಕ್ಕರೆ ಕಾಯಿಲೆ ಇದ್ದವರು ಕಿವಿನೋವು ಬಂದರೆ ಒಂದು ದಿನವೂ ಕಾಯಬಾರದು, ಅವರಲ್ಲಿ ಸೋಂಕು ಮೂಳೆಗೆ ಇಳಿಯಬಹುದು. ವಾಸಿಯಾಗುವ ತನಕ ಈಜು ಬಂದ್.

ಇನ್ನು ಮೊದಲೇ ತಡೆಯುವುದು. ಈಜುವವರಿಗೆ ಮೆತ್ತನೆ ಸಿಲಿಕೋನ್ ಪ್ಲಗ್ ಒಳ್ಳೆಯದು. ತಲೆಸ್ನಾನಕ್ಕೆ ಹತ್ತಿಯುಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟರೆ ಸಾಕು. ಬರೀ ಹತ್ತಿ ನೀರು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಸ್ನಾನವಾದ ತಕ್ಷಣ ಒದ್ದೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಬೇಡಿ. ಹಿಂದೆ ಕಿವಿ ಸೋರಿದವರು, ಕಿವಿ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಕೆರೆಗಾಗಲಿ ಕೊಳಕ್ಕಾಗಲಿ ಇಳಿಯಬೇಡಿ.