ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ತಗೊಳ್ಳೋ ಮೊದ್ಲು ಇದನ್ನ ನೋಡಿ
ಶಿರಸಿ ಕಡೆ ಅಡಿಕೆ ತೂಕದ ಯಂತ್ರಾನ ಕಂಪ್ಯೂಟರ್‌ಗೆ ಜೋಡಿಸ್ಕೊಂಡವ್ರಿಗೆ ಒಂದು ಮಾತು. ಯಂತ್ರದ ಸೀರಿಯಲ್ ಕೇಬಲನ್ನ ಯುಎಸ್‌ಬಿಗೆ ಸೇರಿಸೋ ಅಗ್ಗದ ಕನ್ವರ್ಟರ್ ಹಾಕ್ಕೊಂಡು ನಾನು ಒಂದಿಡೀ ಸೀಸನ್ ಒದ್ದಾಡಿದೆ ಮಾರಾಯ್ರೆ, ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿದ್ರೆ ಕಾಮ್ 3 (ಸೀರಿಯಲ್ ಪೋರ್ಟಿಗೆ ಕಂಪ್ಯೂಟರ್ ಕೊಡೋ ನಂಬರ್) ಇದ್ದಿದ್ದು ಕಾಮ್ 7 ಆಗ್ತದೆ, ಸಾಫ್ಟ್‌ವೇರ್ ಹಳೇ ನಂಬರನ್ನೇ ಹುಡುಕ್ತಾ ಕೂತಿರ್ತದೆ, ಹೊರಗೆ ಗಾಡಿ ಸಾಲು ನಿಂತಿರ್ತದೆ.

ಡೆಸ್ಕ್‌ಟಾಪ್ ಇದ್ರೆ ಹಿಂದ್ಗಡೆ 9 ಪಿನ್ ಸೀರಿಯಲ್ ಪೋರ್ಟ್ ಇದ್ಯಾ ನೋಡಿ, ಇದ್ರೆ ಕನ್ವರ್ಟರೇ ಬೇಡ. ಕಾಣದಿದ್ರೂ ಎಷ್ಟೋ ಮದರ್‌ಬೋರ್ಡಲ್ಲಿ ಒಳಗೆ ಕಾಮ್ ಹೆಡರ್ (ಅದೇ ಪೋರ್ಟಿನ ಪಿನ್ನುಗಳು) ಇರ್ತದೆ, ಅಲ್ಲಿಂದ ಹಿಂದ್ಗಡೆಗೆ ಪೋರ್ಟ್ ತರೋ ಬ್ರಾಕೆಟ್ ಕೇಬಲ್ ಹಾಕಿದ್ರಾಯ್ತು (ಪಿನ್ ಜೋಡಣೆ ಎರಡು ಥರ ಬರ್ತದೆ, ಮ್ಯಾನುವಲ್ ನೋಡಿಯೇ ತನ್ನಿ).

ಲ್ಯಾಪ್‌ಟಾಪ್‌ನವ್ರಿಗೆ ಕನ್ವರ್ಟರ್ ಬಿಟ್ರೆ ಬೇರೆ ಗತಿ ಇಲ್ಲ, ಎಫ್‌ಟಿಡಿಐ ಅನ್ನೋ ಕಂಪನಿ ಚಿಪ್ಪಿಂದು ಕೇಳಿ ತಗೊಳ್ಳಿ, ಅದ್ರಲ್ಲಿ ಸೀರಿಯಲ್ ನಂಬರ್ ಇದ್ರೆ ತೂತು ಬದಲಿಸಿದ್ರೂ ಕಾಮ್ ನಂಬರ್ ಬದಲಾಗಲ್ಲ. ಹಾಂ, ವಿಂಡೋಸ್‌ನ ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಉಳಿಸೋ ಟಿಕ್ ತೆಗೆದುಬಿಡಿ, ಇಲ್ಲಾಂದ್ರೆ ಕಂಪ್ಯೂಟರ್ ಮಧ್ಯದಲ್ಲಿ ಕನ್ವರ್ಟರನ್ನ ಆಫ್ ಮಾಡ್ಬಹುದು.