ಎರಡು ಬೆತ್ತ, ಆರು ಏಟು: ಆರ್ನಿಸ್ ಕಲಿಕೆ ಶುರು ಮಾಡುವುದು ಹೀಗೆ

ಆರ್ನಿಸ್ ಕಲಿಯಬೇಕು ಎಂದು ಬರುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಎರಡೂ ಕೈಯಲ್ಲಿ ಕೋಲು ಹಿಡಿದು ಗಿರಗಿರ ತಿರುಗಿಸಲು ನೋಡುತ್ತಾರೆ. ಮೊಬೈಲಿನಲ್ಲಿ ನೋಡಿದ ವಿಡಿಯೊ ತಲೆಯಲ್ಲಿ ಕೂತಿರುತ್ತದೆ. ಸ್ವಲ್ಪ ಹೊತ್ತಿಗೆ ಕೋಲಿಗೆ ಕೋಲು ಸಿಕ್ಕಿಕೊಂಡು, ಮೊಣಕೈಗೆ ಪೆಟ್ಟು ಬಿದ್ದು, ‘ಇದು ನನ್ನ ಕೈಲಾಗಲ್ಲ’ ಎಂದು ಕೈಬಿಡುತ್ತಾರೆ. ಕೈಲಾಗದಂಥದ್ದು ಇದರಲ್ಲಿ ಏನೂ ಇಲ್ಲ. ಬಹುತೇಕ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: ಎರಡು ಕೋಲಿನ ಆರೇಟಿನ ವರಸೆಯಲ್ಲಿ ಮೂರನೇ ಏಟಿನ ಕೊನೆಯಲ್ಲಿ. ಅದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಆರ್ನಿಸ್ ಫಿಲಿಪೀನ್ಸ್‌ನ ಕೋಲುವರಸೆ. ಎಸ್ಕ್ರಿಮಾ, ಕಾಲಿ ಎಂದೂ ಕರೆಯುತ್ತಾರೆ. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಇದನ್ನು ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಘೋಷಿಸಿತು. ಸೆಬು ದ್ವೀಪ ಇದರ ದೊಡ್ಡ ನೆಲೆ. 1932ರಲ್ಲಿ ಶುರುವಾದ ‘ದೋಸೆ ಪಾರೆಸ್’ (Doce Pares) ಎಂಬ ಆರ್ನಿಸ್ ಕ್ಲಬ್ ಅಲ್ಲಿಯದು. ಆನ್ಸಿಯೋಂಗ್ ಬೇಕನ್ ಅವರ ಬಾಲಿಂಟವಾಕ್ ಶೈಲಿ ಬೆಳೆದದ್ದೂ ಅಲ್ಲೇ. ಹಳೆಯ ಪದ್ಧತಿಯಲ್ಲಿ ಅಭ್ಯಾಸದಲ್ಲೂ ಎದುರಾಳಿಯ ಕೈಗೇ ಹೊಡೆಯುತ್ತಿದ್ದರು. ಪೆಟ್ಟು ತಿಂದು ಕಲಿಕೆ ಬಿಟ್ಟವರು ಬಹಳ. ‘ಮಾಡರ್ನ್ ಆರ್ನಿಸ್’ ಕಟ್ಟಿದ ರೆಮಿ ಪ್ರೆಸಾಸ್ (1936–2001) ಕೈಗೆ ಹೊಡೆಯುವುದನ್ನು ಬಿಡಿಸಿ, ಕೋಲಿಗೆ ಕೋಲು ತಾಗಿಸುವ ಅಭ್ಯಾಸವನ್ನು ಮುಂದೆ ತಂದರು. ನಾವು ನೀವು ಇವತ್ತು ಮೂಳೆ ಮುರಿದುಕೊಳ್ಳದೆ ಇದನ್ನು ಕಲಿಯಬಹುದಾದರೆ ಅದರಲ್ಲಿ ಅವರ ಪಾಲು ದೊಡ್ಡದು.

ಬೇರೆ ಎಷ್ಟೋ ಸಮರಕಲೆಗಳಲ್ಲಿ ಮೊದಲು ಬರಿಗೈ, ಆಯುಧ ಆಮೇಲೆ. ಇಲ್ಲಿ ಮೊದಲ ದಿನವೇ ಕೋಲು. ಕೋಲಿನಲ್ಲಿ ಕಲಿತ ಅದೇ ಚಲನೆ ಮುಂದೆ ಚೂರಿಗೂ ಬರಿಗೈಗೂ ಬರುತ್ತದೆ. ಹಾಗಾಗಿ ಬುಡ ಕೆಟ್ಟರೆ ಎಲ್ಲವೂ ಕೆಡುತ್ತದೆ.

ಕೋಲು

ಬೆತ್ತವೇ ಬೇಕು. ಸುಮಾರು 28 ಅಂಗುಲ ಉದ್ದ, ಒಂದು ಅಂಗುಲ ದಪ್ಪ. ಬೆತ್ತದ ಒಳಗೆ ಟೊಳ್ಳಿರುವುದಿಲ್ಲ. ಪೆಟ್ಟು ಬಿದ್ದಾಗ ಅದು ಚೂರಾಗಿ ಹಾರುವುದಿಲ್ಲ, ನಾರುನಾರಾಗಿ ಬಿಡುತ್ತದೆ. ಹೊಸ ಬೆತ್ತಗಳನ್ನು ಜೋರಾಗಿ ತಾಗಿಸಿದರೆ ಸುಟ್ಟಂಥ ವಾಸನೆ ಬರುತ್ತದೆ, ಹೆದರಬೇಡಿ. ಬಿದಿರು ಬೇಡವೇ ಬೇಡ. ಅದು ಸೀಳಿದರೆ ಅಂಚು ಬ್ಲೇಡಿನಷ್ಟು ಹರಿತ. ಪೊರಕೆ ಹಿಡಿ, ಕ್ರಿಕೆಟ್ ಸ್ಟಂಪು, ಅಲ್ಯೂಮಿನಿಯಂ ಪೈಪು, ಇವೂ ಬೇಡ. ಆನ್‌ಲೈನಿನಲ್ಲಿ ಕಪ್ಪು ಬಣ್ಣ ಬಳಿದು, ಡ್ರ್ಯಾಗನ್ ಚಿತ್ರ ಬರೆದು ಮಾರುವ ಕೋಲುಗಳು ಬರುತ್ತವೆ. ಆ ವಾರ್ನಿಷ್ ಬೆವರಿಗೆ ಜಾರುತ್ತದೆ, ಕೋಲು ಕೈಬಿಟ್ಟು ಪಕ್ಕದವರ ಮುಖಕ್ಕೆ ಹೋಗುತ್ತದೆ. ದುಡ್ಡು ದಂಡ. ಅದರ ಬದಲು ಬೆತ್ತದ ಕುರ್ಚಿ ಮಾಡುವವರ ಹತ್ತಿರ ಹೋಗಿ, ಸಿಪ್ಪೆ ತೆಗೆಯದ, ಗಿಣ್ಣುಗಳು ಹತ್ತಿರ ಹತ್ತಿರ ಇರುವ ನೇರ ತುಂಡನ್ನು ಕತ್ತರಿಸಿಕೊಡಲು ಹೇಳಿ. ಅಂಚನ್ನು ಮರಳುಕಾಗದದಲ್ಲಿ ಉಜ್ಜಿ. ಜೊತೆಗೆ ಕಣ್ಣಿಗೆ ಗಟ್ಟಿ ಕನ್ನಡಕ ಕೊಂಡುಕೊಳ್ಳಿ. ಅದಿಲ್ಲದೆ ಜೋಡಿ ಅಭ್ಯಾಸಕ್ಕೆ ಇಳಿಯಲೇಬಾರದು.

ಹಿಡಿತ ಮತ್ತು ನಿಲುವು

ಮುಷ್ಟಿಯ ಕೆಳಗೆ ಎರಡು ಅಂಗುಲದಷ್ಟು ಕೋಲು ಹೊರಗಿರಲಿ. ಹೆಬ್ಬೆರಳು ಕೋಲಿನ ಉದ್ದಕ್ಕೆ ಚಾಚಬಾರದು, ಸುತ್ತಿ ಹಿಡಿಯಬೇಕು. ಚಾಚಿದ ಹೆಬ್ಬೆರಳು ಪೆಟ್ಟಿಗೆ ಉಳುಕುತ್ತದೆ, ಕೋಲೂ ಸುಲಭವಾಗಿ ಕೈತಪ್ಪುತ್ತದೆ. ಕಾಲು ಭುಜದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ‘ವಿ’ ಆಕಾರ ಬರೆದು, ಚೂಪಿನಲ್ಲಿ ನಿಂತು, ಒಮ್ಮೆ ಬಲಗೆರೆಯ ಮೇಲೆ, ಒಮ್ಮೆ ಎಡಗೆರೆಯ ಮೇಲೆ ಹೆಜ್ಜೆ ಇಡಿ. ಸದ್ಯಕ್ಕೆ ಅಷ್ಟು ಸಾಕು.

ಒಂದೇ ಕೋಲಿನಲ್ಲಿ ಐದು ಏಟು

ಮಾಡರ್ನ್ ಆರ್ನಿಸ್‌ನಲ್ಲಿ ಹನ್ನೆರಡು ಏಟುಗಳಿವೆ. ಎಣಿಕೆ ಶೈಲಿಯಿಂದ ಶೈಲಿಗೆ ಬದಲಾಗುತ್ತದೆ, ಗುರುಗಳು ಹೇಳಿದ್ದನ್ನೇ ಹಿಡಿಯಿರಿ. ಶುರುವಿಗೆ ಐದು: ಎದುರಾಳಿಯ ಎಡ ಕಪಾಲ, ಬಲ ಕಪಾಲ, ಎಡ ತೋಳು, ಬಲ ತೋಳು, ಹೊಟ್ಟೆಗೆ ತಿವಿತ. ಖಾಲಿ ಕೈಯನ್ನು ಜೋತು ಬಿಡಬೇಡಿ. ಅದು ಎದೆಯ ಮುಂದೆ ಇರಬೇಕು. ತಡೆಯುವುದು, ಹಿಡಿಯುವುದು, ಕೋಲು ಕಸಿಯುವುದು ಎಲ್ಲ ಅದರ ಕೆಲಸ. ಕೆಲವರು ಮೊದಲ ದಿನವೇ ಎರಡು ಕೋಲು ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ವಾರ ಒಂದೇ ಕೋಲು, ಬಲಗೈ ಎಡಗೈ ಬದಲಿಸಿ ಮಾಡಿ. ಹೊಡೆಯಲು ಏನಾದರೂ ಬೇಕು ಅನಿಸಿದರೆ ಪಂಕ್ಚರ್ ಅಂಗಡಿಯಿಂದ ಹಳೇ ಟೈರು ತಂದು ಹಗ್ಗದಲ್ಲಿ ತೂಗುಹಾಕಿ. ಮರಕ್ಕೆ, ಗೋಡೆಗೆ ಹೊಡೆದರೆ ಅದುರು ನೇರ ಮೊಣಕೈಗೆ ಬರುತ್ತದೆ.

ಸಿನಾವಾಲಿ: ಎಲ್ಲರೂ ತಪ್ಪುವುದು ಇಲ್ಲಿ

ಎರಡು ಕೋಲನ್ನು ಹೆಣೆದಂತೆ ಬೀಸುವುದೇ ಸಿನಾವಾಲಿ. ಇದರಲ್ಲಿ ಹಲವು ಬಗೆಗಳಿವೆ. ನಾವು ಆರೇಟಿನದನ್ನು ತೆಗೆದುಕೊಳ್ಳೋಣ. ಮೊದಲ ಸಲ ಕೋಲು ಕೆಳಗಿಟ್ಟು ಬರಿಗೈಯಲ್ಲೇ ಮಾಡಿ.

ಶುರುವಿನ ಭಂಗಿ: ಬಲಗೈ ಬಲ ಭುಜದ ಮೇಲೆ, ಕೋಲಿನ ತುದಿ ಹಿಂದಕ್ಕೆ. ಎಡಗೈ ಅಡ್ಡ ಬಂದು ಬಲ ಕಂಕುಳ ಕೆಳಗೆ, ಅದರ ತುದಿಯೂ ಹಿಂದಕ್ಕೆ.

ಒಂದು: ಬಲಗೈ ಬಲದಿಂದ ಎಡಕ್ಕೆ ತಲೆಯ ಎತ್ತರದಲ್ಲಿ ಬೀಸಿ, ಎಡ ಭುಜದ ಹತ್ತಿರ ಹೋಗಿ ನಿಲ್ಲಲಿ.

ಎರಡು: ಕಂಕುಳಲ್ಲಿದ್ದ ಎಡಗೈ ಈಚೆ ಬಂದು, ಅದೂ ಬಲದಿಂದ ಎಡಕ್ಕೆ ಬೀಸಿ, ಎಡ ಭುಜದ ಮೇಲೆ ಏರಲಿ.

ಮೂರು: ಎಡಗಡೆ ಕಾಯುತ್ತಿರುವ ಬಲಗೈ ಎಡದಿಂದ ಬಲಕ್ಕೆ ಹಿಂಗೈ ಏಟು ಕೊಡಲಿ. ಕೊಟ್ಟ ಕೂಡಲೇ ವಾಪಸ್ ಬಂದು ಎಡ ಕಂಕುಳ ಕೆಳಗೆ ಸೇರಲಿ.

ಎಡವುವ ಜಾಗ ಇದೇ. ಮೂರನೇ ಏಟು ಬಲಕ್ಕೆ ಹೋಗುತ್ತದೆ ಅಲ್ವಾ, ಆ ಭರದಲ್ಲಿ ಕೈ ತಾನು ಹೊರಟ ಬಲ ಭುಜಕ್ಕೇ ಹೋಗಿಬಿಡುತ್ತದೆ. ಆಗ ಎರಡೂ ಕೋಲು ಮೇಲೆ, ಕೆಳಗೆ ಯಾವುದೂ ಇಲ್ಲ. ನಾಲ್ಕನೇ ಏಟು ಎಲ್ಲಿಂದ ಎಂದು ಗೊತ್ತಾಗದೆ ನಿಲ್ಲುತ್ತಾರೆ. ಇನ್ನು ಕೆಲವರು ಕೈಯನ್ನು ವಾಪಸ್ ತರುತ್ತಾರೆ, ಆದರೆ ಎಡತೋಳಿನ ಮೇಲಿಂದ ತರುತ್ತಾರೆ. ಆಗ ಕೋಲುಗಳು ಸಿಕ್ಕಿಕೊಳ್ಳುತ್ತವೆ.

ಇದಕ್ಕೆ ಮದ್ದು: ಎರಡನೇ ಏಟು ಮುಗಿದಾಗ ಎಡ ಮೊಣಕೈಯನ್ನು ಒಂದಿಷ್ಟು ಎತ್ತಿ ಹಿಡಿಯಿರಿ. ಬಲಗೈ ಒಳಗೆ ಬರಲು ಜಾಗ ಆಗುತ್ತದೆ. ಬಾಯಲ್ಲಿ ಗಟ್ಟಿಯಾಗಿ ‘ಒಂದು, ಎರಡು, ಮೂರು, ಒಳಗೆ’ ಎಂದು ಹೇಳಿ. ‘ಒಳಗೆ’ ಎಂದಾಗ ಅಲ್ಲಾಡದೆ ನಿಂತು ನೋಡಿಕೊಳ್ಳಿ. ಬಲ ಮಣಿಕಟ್ಟು ಎಡ ಕಂಕುಳಿಗೆ ತಾಗಿರಬೇಕು. ಬಲಗೈ ಕೋಲಿನ ತುದಿ ಎಡ ಪಕ್ಕೆಯ ಹಿಂದಕ್ಕೆ ಚಾಚಿರಬೇಕು. ಎಡಗೈ ಎಡ ಭುಜದ ಮೇಲಿರಬೇಕು. ಇದು ಶುರುವಿನ ಭಂಗಿಯೇ, ಆದರೆ ಎಡಬಲ ಅದಲುಬದಲು. ಇನ್ನು ಎಡಗೈಯಿಂದ ಅದೇ ಮೂರು. ಅಲ್ಲಿಗೆ ಆರು.

ನಿಂತು ನೋಡಿಕೊಳ್ಳುವುದನ್ನು ಬಿಟ್ಟು ಬೇಗ ಬೇಗ ಮಾಡಿದರೆ ತಪ್ಪೇ ಕೈಗೆ ರೂಢಿಯಾಗುತ್ತದೆ. ಆಮೇಲೆ ತಿದ್ದುವುದು ತುಂಬಾ ಕಷ್ಟ. ದಿನಾ ಹದಿನೈದು ನಿಮಿಷ, ನಿಧಾನವಾಗಿ. ವಾರವಿಡೀ ಸುಮ್ಮನಿದ್ದು ಭಾನುವಾರ ಎರಡು ಗಂಟೆ ಬೀಸಿದರೆ ಭುಜ ನೋಯುತ್ತದೆ, ಕಲಿಕೆ ಆಗುವುದಿಲ್ಲ. ವಿಡಿಯೊ ನೋಡಿ ಕಲಿಯುವವರು ಕಲಿಸುವವರ ಬೆನ್ನು ಕಾಣುವಂಥದ್ದನ್ನು ಹುಡುಕಿ. ಎದುರಿನಿಂದ ತೆಗೆದದ್ದರಲ್ಲಿ ಎಡಬಲ ತಿರುಗುಮುರುಗಾಗಿ ತಲೆ ಕೆಡುತ್ತದೆ.

ಜೋಡಿ

ಇಬ್ಬರೂ ಬಲಗೈಯಿಂದಲೇ ಶುರು ಮಾಡಿ. ನಿಮ್ಮ ಬಲ ಅವರ ಬಲಕ್ಕೆ, ಎಡ ಎಡಕ್ಕೆ ತಾಗುತ್ತದೆ. ಕೋಲಾಟ ಆಡಿದವರಿಗೆ ಈ ಲಯ ಚೆನ್ನಾಗಿ ಒಗ್ಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಕೋಲಾಟದಲ್ಲಿ ಎದುರಿನವರ ಕೋಲನ್ನು ನೋಡಿ ತಾಗಿಸುತ್ತೇವೆ. ಇಲ್ಲಿ ಕೋಲನ್ನು ಹುಡುಕಿಕೊಂಡು ಹೋಗಬಾರದು. ಏಟು ತಲೆಯ ಕಡೆಗೇ ಬರಬೇಕು. ಎದುರಿನವರೂ ಅದನ್ನೇ ಮಾಡುವುದರಿಂದ ನಡುವೆ ಕೋಲುಗಳು ತಾವಾಗಿಯೇ ತಾಗುತ್ತವೆ. ಕೋಲಿಗೇ ಗುರಿಯಿಟ್ಟರೆ ಏಟು ಅಡ್ಡಡ್ಡ ಹೋಗುತ್ತದೆ, ನೋಡಲು ಚೆಂದ, ಅಷ್ಟೇ.

ದೂರವನ್ನು ಮೊದಲೇ ಅಳೆದುಕೊಳ್ಳಿ. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಕೋಲು ಇನ್ನೊಬ್ಬರ ಮುಖದ ಮುಂದೆ ಗಾಳಿಯಲ್ಲಿ ಹಾದುಹೋಗಬೇಕು. ಕೋಲುಗಳು ತುದಿಯ ಕಡೆಗೆ ತಾಗುತ್ತಿದ್ದರೆ ಸರಿ. ಮುಷ್ಟಿಯ ಹತ್ತಿರ ತಾಗಿದರೆ ಬೆರಳು ಜಜ್ಜುವ ಮೊದಲು ಅರ್ಧ ಹೆಜ್ಜೆ ಹಿಂದೆ ಸರಿಯಿರಿ.

ಬೆತ್ತ ನಾರು ಬಿಡತೊಡಗಿದಾಗ ವೈರಿಂಗ್‌ಗೆ ಬಳಸುವ ಟೇಪು ಸುತ್ತಿ ಇನ್ನೂ ಸ್ವಲ್ಪ ದಿನ ಓಡಿಸಬಹುದು. ಒತ್ತಿದರೆ ಮೆತ್ತಗಾಗುವ ಕೋಲನ್ನು ಮಾತ್ರ ಜೋಡಿ ಅಭ್ಯಾಸಕ್ಕೆ ತರಬೇಡಿ. ಅದು ಟೈರಿಗೆ ಇರಲಿ.